ದನಿ ಇದ್ದ ಪೆಟ್ಟಿಗೆ

ಉಗರಗೋಳದಲ್ಲಿ ಬಿಳಿ ಅಂಗಿ ತೊಟ್ಟು ಹೊರಬಿದ್ದವನು ಸಂಜೆ ಬಿಳಿ ಅಂಗಿಯಲ್ಲೇ ಮನೆ ಸೇರಿದ್ದನ್ನು ಯಾರೂ ಕಂಡಿಲ್ಲ. ಎಲ್ಲಮ್ಮನ ಗುಡ್ಡದಿಂದ ಇಳಿಯುವ ಜನ ಭಂಡಾರ ಹಾರಿಸುತ್ತ ಬರುತ್ತಾರೆ. ಆ ಅರಿಸಿನದ ಪುಡಿ ಬಸ್ಸಿನ ಗಾಜಿಗೆ, ಎಮ್ಮೆಯ ಕೋಡಿಗೆ, ಚಹಾದಂಗಡಿಯ ಕಪ್ಪು-ಬಸಿಗೆ, ಜೇಬಿನ ನೋಟಿಗೆ, ಮೊಬೈಲಿನ ಸಂದಿಗೆ ಹೋಗಿ ಕೂರುತ್ತದೆ. ಹುಣ್ಣಿಮೆಯ ಮರುದಿನ ಊರ ನಾಯಿಗಳೂ ಹಳದಿ. ಇದನ್ನು ಯಾರೂ ಕೊಳೆ ಎನ್ನುವುದಿಲ್ಲ, ಕೊಡವಿಕೊಳ್ಳುವುದೂ ಇಲ್ಲ. ತಾಯಿ ಕೊಟ್ಟದ್ದು, ಇರಲಿ ಬಿಡು ಎಂದು ಸುಮ್ಮನಾಗುತ್ತಾರೆ.

ಪದ್ಮವ್ವನ ಕೈಗಳಂತೂ ಹಳದಿ ಬಿಟ್ಟು ಬೇರೆ ಬಣ್ಣವನ್ನೇ ಮರೆತಿದ್ದವು. ಹೂಲಿಯಿಂದ ಮದುವೆಯಾಗಿ ಬಂದಾಗಿನಿಂದ ಗುಡ್ಡದ ದಾರಿಯ ಅಂಗಡಿಯಲ್ಲಿ ಕುಳಿತು ಭಂಡಾರ, ಕುಂಕುಮ, ತೆಂಗಿನಕಾಯಿ, ಹಸಿರು ಬಳೆ ಮಾರಿದವಳು. ಬಾಯಿ ಜೋರು. ಯಾರಾದರೂ ಬೆಲೆಗೆ ಜಗ್ಗಾಡಿದರೆ, "ತಾಯಿ ಮುಂದ ಹರಕಿ ಹೊರೂ ಮುಂದ ಚೌಕಾಶಿ ಮಾಡೀರೇನು? ಮತ್ತ ನನ್ನ ಮುಂದ ಯಾಕ್ರಿ?" ಎಂದುಬಿಡುತ್ತಿದ್ದಳು. ಜನ ನಕ್ಕು ಕೇಳಿದ್ದಕ್ಕಿಂತ ಹೆಚ್ಚು ಭಂಡಾರ ಕಟ್ಟಿಸಿಕೊಂಡು ಹೋಗುತ್ತಿದ್ದರು.

ಅವಳ ಬಾಯಿ ಅಂಗಡಿಯಲ್ಲಿ ನಡೆದಷ್ಟು ಮನೆಯಲ್ಲಿ ನಡೆಯುತ್ತಿರಲಿಲ್ಲ. ಮನೆಯಲ್ಲಿ ಗುರುನಾಥನ ದನಿಯೇ ದನಿ. ಅವಳ ಗಂಡ ಗುರುನಾಥ ಮುಂದಿನ ಕೋಣೆಯಲ್ಲಿ ಒಂದು ಕಂಪ್ಯೂಟರ್ ಇಟ್ಟುಕೊಂಡು ಲಗ್ನಪತ್ರಿಕೆ, ಜಾಹೀರಾತು, ಬ್ಯಾನರ್ ಬರಹ ಸಿದ್ಧಮಾಡಿ ಕೊಡುತ್ತಿದ್ದ. ಅದು ಹೊಟ್ಟೆಪಾಡು. ಅವನ ಜೀವವಿದ್ದದ್ದು ಹಾಡಿನಲ್ಲಿ. ತಾನೇ ಪದ ಕಟ್ಟಿ ತಾನೇ ಹಾಡುವವನು. ಸೋಮವಾರದ ಭಜನೆಯಲ್ಲಿ ಅವನು ದನಿ ತೆಗೆದರೆ ದೂರದ ಗದ್ದೆಯಲ್ಲಿ ನೀರು ಕಟ್ಟುವವರೂ ಸಲಿಕೆ ಊರಿ ನಿಲ್ಲುತ್ತಿದ್ದರು.

ಒಂದು ಸಲ ಅವನಿಗೆ ಹುಚ್ಚು ಹತ್ತಿತು. ಎಲ್ಲಿಂದಲೋ ಒಂದು ಮೈಕು ತಂದ. ಸಪ್ಪಳ ಒಳಗೆ ಬರಬಾರದೆಂದು ಮನೆಯಲ್ಲಿದ್ದ ಕೌದಿಗಳನ್ನೆಲ್ಲ ಕೋಣೆಯ ಗೋಡೆಗೆ ತೂಗುಹಾಕಿ, ಕಂಪ್ಯೂಟರಿನ ಮುಂದೆ ಕುಳಿತು ತನ್ನ ಪದಗಳನ್ನೆಲ್ಲ ಒಂದೊಂದಾಗಿ ಹಾಡಿ ಅದರೊಳಗೆ ತುಂಬಿದ. ಆ ದಿನಗಳಲ್ಲಿ ಮನೆಯಲ್ಲಿ ಮಿಕ್ಸರ್ ಹಚ್ಚುವಂತಿಲ್ಲ, ಕೋಳಿ ಕೂಗುವಂತಿಲ್ಲ, ಪದ್ಮವ್ವ ಬಳೆ ಸಪ್ಪಳ ಮಾಡುವಂತಿಲ್ಲ. ಹೊದೆಯಲು ಕೌದಿಯೂ ಇಲ್ಲ. ಒಂದು ದಿನ ಅವಳು ಸೈರಣೆ ತಪ್ಪಿ ಬಾಗಿಲ ಆಚೆಯಿಂದಲೇ, "ಚಾ ಆರಾಕ ಹತ್ತೈತಿ, ಬರ್ತೀರೋ ಇಲ್ಲೋ?" ಎಂದು ಕೂಗಿದಳು. ಅದು ಹಾಡಿನ ನಟ್ಟನಡುವೆ ಸೇರಿಕೊಂಡಿತು. ಅಳಿಸಿಬಿಡಿ ಎಂದು ಅವಳು ನಾಚಿ ಎಷ್ಟು ಹೇಳಿದರೂ ಗುರುನಾಥ ಅಳಿಸಲಿಲ್ಲ. "ಇರ್ಲಿ ಬಿಡು. ನೀನೂ ಒಂದು ಪದಾ ಹಾಡಿದಂಗಾತು" ಎಂದು ನಕ್ಕ.

ಆ ಯಂತ್ರದ ಬಗ್ಗೆ ಅವನದು ವಿಪರೀತ ಮಡಿ. ಖಂಡೆಪೂಜೆಯ ದಿನ ಊರಿನವರೆಲ್ಲ ಟ್ರ್ಯಾಕ್ಟರು, ಪಂಪ್‌ಸೆಟ್ಟು, ಹೊಲಿಗೆ ಯಂತ್ರಗಳನ್ನು ಭಂಡಾರದಲ್ಲಿ ಮುಳುಗಿಸುತ್ತಿದ್ದರೆ ಇವನು ವೀಳ್ಯದೆಲೆಯ ಮೇಲೆ ಒಂದು ಚಿಟಿಕೆ ಭಂಡಾರ ಹಾಕಿ ಕಂಪ್ಯೂಟರಿನ ಮುಂದೆ ಇಡುತ್ತಿದ್ದ, ಅಷ್ಟೆ. ಕಾಯಿಯನ್ನೂ ಹೊಸ್ತಿಲ ಆಚೆ ಒಡೆಯುತ್ತಿದ್ದ. ಭಂಡಾರ ಮಾರುವವಳ ಮನೆಯಲ್ಲೇ ಇಂಥ ಜಿಪುಣತನವೇ ಎಂದು ಪದ್ಮವ್ವನಿಗೆ ಉರಿಯುತ್ತಿತ್ತು.

"ಅದಕ್ಕ ಒಂದ್ ಮುಟಗಿ ಹಚ್ಚಿದ್ರ ನಿಮ್ಮ ಗಂಟೇನ್ ಹೋಗತೈತ್ರಿ?"

"ಅದಕ್ಕ ಮೂಗ ಐತಿ ಪದ್ಮಾ. ಸೀನತೈತಿ."

ಅವಳು ಅದನ್ನು ಚೇಷ್ಟೆ ಎಂದುಕೊಂಡಳು. ಮನೆಯಲ್ಲಿ ಚೇಷ್ಟೆಗೇನು ಬರವಿರಲಿಲ್ಲ.

ಒಂದು ಮುಂಜಾನೆ ಬಚ್ಚಲಲ್ಲಿ ಮುಖ ತೊಳೆಯುತ್ತಿದ್ದ ಗುರುನಾಥ ತಂಬಿಗೆ ಸಮೇತ ಕುಸಿದ. ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋದವು. ಮಾತು ಹೋಯಿತು. ಬೆಳಗಾವಿಯ ಆಸ್ಪತ್ರೆಯಿಂದ ಮರಳಿ ತಂದಾಗ ಅವನಿಗೆ ಎಲ್ಲರ ಗುರುತು ಹತ್ತುತ್ತಿತ್ತು, ಎಲ್ಲ ತಿಳಿಯುತ್ತಿತ್ತು. ಎಡಗೈ ಆಡುತ್ತಿತ್ತು. ಬಾಯಿ ತೆರೆದರೆ ಮಾತ್ರ ಗಂಟಲಲ್ಲಿ ಒಂದು ಊಳು ಎದ್ದು ಅಲ್ಲೇ ಸಾಯುತ್ತಿತ್ತು. ಇಂಥ ದನಿಯವನಿಗೇ ಇದಾಗಬೇಕೇ? ದೇವರಿಗೆ ಊರಲ್ಲಿ ಬೇರೆ ಗಂಟಲು ಸಿಗಲಿಲ್ಲವೇ? ಪದ್ಮವ್ವ ಹೀಗೆ ಗುಡ್ಡದ ಕಡೆ ಮುಖ ಮಾಡಿ ಕೇಳಿದಳು, ಕೇಳಿದ ತಪ್ಪಿಗೆ ಕೆನ್ನೆ ಕೆನ್ನೆ ಬಡಿದುಕೊಂಡಳು.

ಮಾತಿನ ಚಿಕಿತ್ಸೆಯ ಡಾಕ್ಟರಮ್ಮ ಒಂದು ದಾರಿ ಹೇಳಿದ್ದರು. "ಮಾತು ಹೋದವರಿಗೂ ಎಷ್ಟೋ ಸಲ ಹಾಡು ಉಳಿದಿರತೈತಿ. ಅವರಿಗೆ ಬಾಯಿಪಾಠ ಇರೂ ಹಾಡು ದಿನಾ ಕೇಳಸ್ರಿ, ಜೋಡಿಲೆ ಹಾಡಸ್ರಿ. ಹಾಡಿನ ಬೆನ್ನ ಹತ್ತಿ ಮಾತು ಬಂದರೂ ಬಂತು." ಗುರುನಾಥನಿಗೆ ಬಾಯಿಪಾಠವಿದ್ದದ್ದು ಅವನವೇ ಪದಗಳು. ಅವು ಇದ್ದದ್ದು ಆ ಕಂಪ್ಯೂಟರ್ ಪೆಟ್ಟಿಗೆಯಲ್ಲಿ. ಭಜನಾ ಮೇಳದವರ ಮೊಬೈಲಿನಲ್ಲಿ ಒಂದೆರಡು ಸಿಕ್ಕವು. ಅವುಗಳಲ್ಲಿ ತಾಳದ ಗದ್ದಲವೇ ಹೆಚ್ಚು, ಗುರುನಾಥನ ದನಿಯನ್ನು ಹುಡುಕಬೇಕು.

ರಾಮದುರ್ಗಕ್ಕೆ ಕೊಟ್ಟಿದ್ದ ಮಗಳು ಪೂನಮ್ ಬಂದು, ಯಾವ ಗುಂಡಿ ಒತ್ತಬೇಕು, ಎಷ್ಟು ಹೊತ್ತು ಕಾಯಬೇಕು, ಯಾವ ಚಿತ್ರದ ಮೇಲೆ ಎರಡು ಸಲ ಕುಟ್ಟಬೇಕು ಎಂಬುದನ್ನು ತಾಯಿಗೆ ಕಲಿಸಿ ಹೋದಳು. ಅಂದಿನಿಂದ ಪದ್ಮವ್ವ ಹೊತ್ತು ಮುಳುಗುವ ಮೊದಲೇ ಅಂಗಡಿ ಮುಚ್ಚಿ ಬರುತ್ತಿದ್ದಳು. ಗಂಡನನ್ನು ಕುರ್ಚಿಯಲ್ಲಿ ಕೂರಿಸಿ ಪೆಟ್ಟಿಗೆಯ ಗುಂಡಿ ಒತ್ತುತ್ತಿದ್ದಳು. ಪರದೆ ಬೆಳಗುತ್ತಿತ್ತು. ಒಳಗಿನಿಂದ ಗಟ್ಟಿ ಮೈಯ ಗುರುನಾಥ ಹಾಡುತ್ತಿದ್ದ, ಹೊರಗೆ ಅರ್ಧ ಮೈಯ ಗುರುನಾಥ ಬಾಯಿ ತೆರೆದು ಅವನ ಹಿಂದೆ ಹೋಗುತ್ತಿದ್ದ.

"ನೆರಳು ಹಿಂದ ಬಂತೋ, ನಾ ಮುಂದ ಹೋದೆನೋ..."

ಮೊದಲು ಬರೀ ಗುಂಯ್‌ಗುಡುವಿಕೆ. ಆಮೇಲೆ ಸಾಲಿನ ಕೊನೆಗೆ ಒಂದು ಎಳೆದ 'ಓ'. ಹೀಗೇ ಒಂದು ಸಂಜೆ, ಅವಳು ರೊಟ್ಟಿ ಬಡಿಯುತ್ತಿದ್ದಾಗ, ಕೋಣೆಯಿಂದ 'ಬಂತೋ' ಎಂದು ಸ್ಪಷ್ಟವಾಗಿ ಕೇಳಿತು. ಅದು ಪೆಟ್ಟಿಗೆಯದಲ್ಲ. ಅವಳು ಹಿಟ್ಟಿನ ಕೈಯಲ್ಲೇ ಓಡಿಬಂದಳು. ಅವನು ಇನ್ನೊಮ್ಮೆ ಹೇಳಿದ. ಪದ್ಮವ್ವ ಬೀದಿಗೆ ಓಡಿ ಕಂಡವರಿಗೆಲ್ಲ ಹೇಳಿದಳು, ಅತ್ತಳು, ನಕ್ಕಳು. ಒಳಗೆ ಬಂದವಳೇ ದೇವರ ಜಗಲಿಯ ಮೇಲಿದ್ದ ಭಂಡಾರದ ಬಟ್ಟಲನ್ನು ಎತ್ತಿಕೊಂಡು, ಗಂಡನ ಹಣೆಗಷ್ಟು ಹಚ್ಚಿ, ಪೆಟ್ಟಿಗೆಯ ನೆತ್ತಿಯ ಮೇಲೆ ಬೊಗಸೆ ಬೊಗಸೆಯಾಗಿ ಸುರಿದಳು. ನೆತ್ತಿಯಲ್ಲಿ ಜಾಲರಿಯ ತೂತುಗಳಿದ್ದವು. ದನಿ ಇರುವುದು ಒಳಗೆ ತಾನೇ, ಒಳಗೇ ಮುಟ್ಟಲಿ ಎಂದು ಬೆರಳಿನಿಂದ ಸವರಿ ಸವರಿ ಇಳಿಸಿದಳು. ಕಾಯಿ ಒಡೆದು ಅದರ ನೀರನ್ನೂ ಚಿಮುಕಿಸಿದಳು.

ಮುಂದಿನ ಹುಣ್ಣಿಮೆಗೂ ಹಾಗೇ ಮಾಡಿದಳು. ಅದರ ಮರುದಿನ ಗುಂಡಿ ಒತ್ತಿದಾಗ ದೀಪ ಹತ್ತಿತು, ಒಳಗೆ ಫ್ಯಾನು ತಿರುಗಿತು, ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು. ಪೆಟ್ಟಿಗೆ ಒಂದೇ ಸಮ ಕೀಂ, ಕೀಂ ಎಂದು ಕೂಗತೊಡಗಿತು. ಗುರುನಾಥ ಹಾಡಿಗಾಗಿ ಬಾಯಿ ತೆರೆದುಕೊಂಡೇ ಕುಳಿತಿದ್ದ.

ಸವದತ್ತಿಯ ಬಸ್‌ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಸುಭಾಸ ಬಂದ. ನಡುವಯಸ್ಸಿನ ಮನುಷ್ಯ, ಮಾತುಗಾರ, ಗುರುನಾಥನ ಭಜನೆಗೆ ತಾಳ ಹಾಕಿದವನು. ಪೆಟ್ಟಿಗೆಯನ್ನು ಅಂಗಳಕ್ಕೆ ಒಯ್ದು, ಪಕ್ಕದ ತಗಡು ಬಿಚ್ಚಿ, ಬ್ಲೋವರಿನಿಂದ ಗಾಳಿ ಹೊಡೆದ. ಬೆರಳುದ್ದದ ಒಂದು ಪಟ್ಟಿಯನ್ನು ಎಳೆದು ಅದರ ಅಂಚನ್ನು ರಬ್ಬರಿನಿಂದ ತಿಕ್ಕಿ ಮತ್ತೆ ಕೂರಿಸಿದ. ಪರದೆ ಬೆಳಗಿತು.

"ಏನಾಗಿತ್ತೋ ತಮ್ಮಾ?"

"ರ‍್ಯಾಮ್ ಅಂತಾರ್ರಿ ಅಕ್ಕಾರ. ಅದರ ಹಲ್ಲಿಗೆ ಹೊಲಸ ಕುಂತಿತ್ತು. ಧೂಳ ಆಗದಂಗ ಇಡ್ರಿ" ಎಂದು ಹೇಳಿ, ಚಹಾ ಕುಡಿದು ಹೋದ.

ಧೂಳಾಗದಂತೆ ಅವಳು ದಿನಕ್ಕೆರಡು ಸಲ ಹಸಿ ಅರಿವೆಯಿಂದ ಒರೆಸಿದಳು. ಸರಿಯಾದದ್ದಕ್ಕೆ ತಾಯಿಗೆ ಕೃತಜ್ಞಳಾಗಿ ಮತ್ತೆ ಭಂಡಾರ ಏರಿಸಿದಳು. ಭಂಡಾರ ಧೂಳು ಎಂದು ಅವಳಿಗೆ ಹೊಳೆಯಲು ಸಾಧ್ಯವೇ ಇರಲಿಲ್ಲ. ಹೊಳೆದಿದ್ದರೆ ಅವಳು ಪದ್ಮವ್ವನೇ ಅಲ್ಲ.

ಮತ್ತೆ ಕೆಟ್ಟಿತು. ಸುಭಾಸ ಬಂದ, ಊದಿದ, ತಿಕ್ಕಿದ, ಚಾಲೂ ಆಯಿತು. ಮತ್ತೆ ಕೆಟ್ಟಿತು. ಕೆಲವೊಮ್ಮೆ ಅವನು ಬರುವ ಮೊದಲೇ, ಭಂಡಾರ ಹಚ್ಚಿದ ಮರುಗಳಿಗೆಯಲ್ಲೇ, ಪರದೆ ತನ್ನಷ್ಟಕ್ಕೆ ಬೆಳಗಿದ್ದೂ ಉಂಟು. ಅವಳ ನಂಬಿಕೆಗೆ ಇನ್ನೇನು ಬೇಕು? ಹುಣ್ಣಿಮೆ ಕಳೆದ ಮೇಲೆಯೇ ಇದು ಕೆಡುತ್ತದೆ ಎಂಬುದನ್ನು ಅವಳು ಗುರುತಿಸದೆ ಇರಲಿಲ್ಲ. ಹುಣ್ಣಿಮೆಗೆ ಊರ ತುಂಬ ಪರಸ್ಥಳದ ಜನ. ಬಾಗಿಲಲ್ಲಿ ನಿಂತು ಹಾಡು ಕೇಳಿ ಹೋಗುತ್ತಾರೆ. ಯಾರ ಕಣ್ಣು ಹೇಗೋ! ದೃಷ್ಟಿ ತಾಕುತ್ತಿದೆ ಎಂದು ಅವಳು ತೀರ್ಮಾನಿಸಿದಳು. ಪೆಟ್ಟಿಗೆಗೆ ನಿಂಬೆಹಣ್ಣು ಇಳಿಸಿದಳು, ಭಂಡಾರವನ್ನು ಇಮ್ಮಡಿ ಮಾಡಿದಳು.

ಅವಳು ಬಟ್ಟಲು ಎತ್ತಿಕೊಂಡು ಪೆಟ್ಟಿಗೆಯ ಹತ್ತಿರ ಹೋದಾಗಲೆಲ್ಲ ಗುರುನಾಥ ಎಡಗೈ ಚಾಚುತ್ತಿದ್ದ. ಗಂಟಲು ಹಿಂಡಿದಂತೆ ಸದ್ದು ಮಾಡುತ್ತಿದ್ದ. ಕಣ್ಣಲ್ಲಿ ನೀರು ಬರುತ್ತಿತ್ತು.

"ನಿಮಗೂ ಬೇಕೇನ್ರಿ? ತಡೀರಿ, ಅವಸರ ಮಾಡಬ್ಯಾಡ್ರಿ" ಎಂದು ಅವಳು ಪ್ರೀತಿಯಿಂದ ಅವನ ಹಣೆ ತುಂಬ ಬಳಿಯುತ್ತಿದ್ದಳು. ಅವನು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಮೊದಲು ಇಷ್ಟು ಭಕ್ತಿ ಇರಲಿಲ್ಲ, ಕಷ್ಟ ಮನುಷ್ಯನನ್ನು ತಿದ್ದುತ್ತದೆ ಎಂದುಕೊಂಡು ಅವಳಿಗೆ ಸಮಾಧಾನವೂ ಆಗುತ್ತಿತ್ತು.

ಪೆಟ್ಟಿಗೆ ಕೆಟ್ಟು ಕುಳಿತ ದಿನಗಳಲ್ಲಿ ಗುರುನಾಥ ಗಳಿಸಿದ್ದನ್ನೆಲ್ಲ ಕಳೆದುಕೊಳ್ಳುತ್ತಿದ್ದ. 'ನೆರಳು' ಎಂಬ ಮಾತು ಬಂದಿತ್ತು, ಹೋಯಿತು. 'ಬಂತೋ' ಮಾತ್ರ ಹೇಗೋ ಉಳಿದಿತ್ತು. ಒಂದು ಸಲ ರಿಪೇರಿ ಮುಗಿಸಿದ ಸುಭಾಸ, "ಅಕ್ಕಾರ, ಹಾಡು ಎಲ್ಲಾ ಒಂದು ಪೆನ್‌ಡ್ರೈವಿಗೆ ಹಾಕಿ ಕೊಡ್ತೇನಿ. ಈ ಮಷೀನ್ ಹಳೇದಾತು. ಯಾವಾಗ ಹೋಗತೈತೋ ಹೇಳಾಕ ಬರಂಗಿಲ್ಲ" ಎಂದ.

ಪದ್ಮವ್ವನ ಮುಖ ಕೆಂಪಾಯಿತು. ಗಂಡ ಆಸ್ಪತ್ರೆಯಲ್ಲಿದ್ದಾಗ ಯಾರೋ ಬಂಧು, ಇರುವಾಗಲೇ ಒಂದು ಒಳ್ಳೆಯ ಫೋಟೋ ತೆಗೆಸಿಡು, ಆಮೇಲೆ ಗೋಡೆಗೆ ಬೇಕಾಗುತ್ತದೆ ಎಂದಿದ್ದು ಅವಳ ಎದೆಯಲ್ಲಿ ಮುರಿದ ಮುಳ್ಳಾಗಿ ಉಳಿದಿತ್ತು. ಇದೂ ಅಂಥದೇ ಮಾತು ಎನಿಸಿತು.

"ಹೋಗತೈತಿ ಅಂತ ಯಾಕ ನುಡೀತಿ? ಇರೂದು ಇರ್ತೈತಿ. ತಾಯಿ ಅದಾಳ. ಅಪಶಕುನದ ಮಾತು ನಮ್ಮ ಮನ್ಯಾಗ ಬ್ಯಾಡ."

ಸುಭಾಸ ಗುರುನಾಥನ ಕಡೆ ನೋಡಿದ. ಗುರುನಾಥ ತಲೆಯನ್ನು ಜೋರಾಗಿ ಆಡಿಸುತ್ತಿದ್ದ, ಎಡಗೈಯಿಂದ ಪೆಟ್ಟಿಗೆ ತೋರಿಸುತ್ತಿದ್ದ. "ನೋಡು, ಅವರಿಗೂ ಸಿಟ್ಟ ಬಂತು" ಎಂದಳು ಪದ್ಮವ್ವ. ಸುಭಾಸ ಸಾಮಾನು ಕಟ್ಟಿಕೊಂಡು ಎದ್ದ.

ಆಮೇಲಿನ ಹುಣ್ಣಿಮೆ ದೊಡ್ಡದು. ಗುಡ್ಡ ಹಳದಿ, ಗಾಳಿ ಹಳದಿ. ಅಂಗಡಿಯಲ್ಲಿ ಉಸಿರಾಡಲು ಪುರಸೊತ್ತಿಲ್ಲದಷ್ಟು ವ್ಯಾಪಾರ ಮುಗಿಸಿ ಬಂದ ಪದ್ಮವ್ವ, ಗುಡಿಯಿಂದ ತಂದ ಭಂಡಾರವನ್ನೇ ಪೆಟ್ಟಿಗೆಗೆ ಏರಿಸಿ, ತೆಂಗಿನಕಾಯಿಯ ನೀರು ಹಾಕಿ, ಗುಂಡಿ ಒತ್ತಿದಳು. ಒಳಗೆ ಚಟ್ ಎಂದಿತು. ಸುಟ್ಟ ವಾಸನೆ ಬಂತು. ಅಷ್ಟೇ. ಕೀಂ ಎನ್ನಲಿಲ್ಲ, ಫ್ಯಾನು ತಿರುಗಲಿಲ್ಲ.

ಈ ಸಲ ಸುಭಾಸ ಪೆಟ್ಟಿಗೆಯನ್ನೇ ಬೈಕಿಗೆ ಕಟ್ಟಿಕೊಂಡು ಒಯ್ದ. ಕರೆಂಟ್ ಕೊಡುವ ಭಾಗ ಸುಟ್ಟಿದೆ, ಅದನ್ನು ಹೊಸದು ಹಾಕಬಹುದು. ಹಾಡು ಇರುವ ಡಿಸ್ಕಿಗೂ ಪೆಟ್ಟು ಬಿದ್ದಂತಿದೆ, ಹುಬ್ಬಳ್ಳಿಗೆ ಕಳಿಸಿ ನೋಡುತ್ತೇನೆ ಎಂದು ಫೋನು ಮಾಡಿ ಹೇಳಿದ. ಪೆಟ್ಟಿಗೆ ಇದ್ದ ಜಾಗದಲ್ಲಿ ಮೇಜಿನ ಮೇಲೆ ಒಂದು ಹಳದಿ ಚೌಕ ಉಳಿದಿತ್ತು. ಪದ್ಮವ್ವ ಆ ಚೌಕಕ್ಕೇ ದಿನಾ ಊದುಬತ್ತಿ ಬೆಳಗಿದಳು.

ನಡುವೆ ಪೂನಮ್ ತನ್ನ ಮೊಬೈಲೆಲ್ಲ ಜಾಲಾಡಿ ಅಪ್ಪನ ದನಿ ಇದ್ದ ಒಂದೇ ಒಂದು ತುಣುಕು ಕಳಿಸಿದಳು. ಅವಳ ಮದುವೆಯ ಊಟದ ಪಂಕ್ತಿಯದು. ಯಾರ ಬೆನ್ನಿನ ಹಿಂದೆಯೋ ನಿಂತು ಗುರುನಾಥ, "ಕುಂಡ್ರಿ, ಕುಂಡ್ರಿ, ಸಾವಕಾಶ ಊಟಾ ಮಾಡ್ರಿ" ಎನ್ನುತ್ತಿದ್ದ. ಪದ್ಮವ್ವ ಅದನ್ನು ಗಂಡನ ಕಿವಿಗೆ ಹಿಡಿದಳು. ಅವನು ಒಂದು ಸಲ ಕೇಳಿದ. ಎರಡನೆಯ ಸಲ ಹಚ್ಚಿದಾಗ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ.

ಕಡೆಗೆ ಅವಳೇ ಬಸ್ಸು ಹತ್ತಿ ಸವದತ್ತಿಗೆ ಹೋದಳು. ಸುಭಾಸನ ಅಂಗಡಿಯ ಮೇಜಿನ ಮೇಲೆ ಪೆಟ್ಟಿಗೆ ಹೊಟ್ಟೆ ತೆರೆದುಕೊಂಡು ಬಿದ್ದಿತ್ತು. ಅದರ ಕೆಳಗೆ ಹಾಸಿದ್ದ ಪತ್ರಿಕೆಯ ಮೇಲೆ ಭಂಡಾರದ ಗುಡ್ಡೆ. ಒಳಗೆ ತಂತಿಯ ಬುಡಕ್ಕೆ, ಹಲಗೆಯ ಸಂದಿಗೆ, ಕಾಯಿನೀರಿಗೆ ನೆನೆದು ಒಣಗಿ ಹಪ್ಪಳಗಟ್ಟಿದ ಭಂಡಾರ. ಲೋಹದ ಹಲ್ಲುಗಳ ಮೇಲೆ ಹಸಿರು ಕಿಲುಬು.

"ಡಿಸ್ಕ್ ಬಂತ್ರಿ ಅಕ್ಕಾರ, ಹುಬ್ಬಳ್ಳಿಯಿಂದ" ಎಂದ ಸುಭಾಸ, ಅವಳ ಮುಖ ನೋಡದೆ. "ಏನೂ ತಗ್ಯಾಕ ಆಗಲಿಲ್ಲಂತ. ಎಲ್ಲಾ ಹೋಗೇತಿ."

ಅವಳು ಡಿಸ್ಕನ್ನು ನೋಡಲಿಲ್ಲ. ಪತ್ರಿಕೆಯ ಮೇಲಿನ ಹಳದಿ ಗುಡ್ಡೆಯನ್ನೇ ನೋಡುತ್ತಿದ್ದಳು. ತನ್ನ ಅಂಗಡಿಯ ಮಾಲು ತನಗೆ ಗುರುತು ಸಿಗದೆ ಇರುತ್ತದೆಯೇ?

"ಇದು ಯಾವಾಗಿಂದ ಇತ್ತೋ ಒಳಗ?"

"ಮೊದಲಿಂದನೂ ಇತ್ರಿ. ನಮ್ಮ ಭಾಗದಾಗ ಯಾರ ಮಷೀನ್ ತಗದ್ರೂ ಚೂರು ಹಳದಿ ಬರತೈತಿ. ನಿಮ್ಮದರಾಗ ಜಗ್ಗಿ ಇತ್ತು. ಪ್ರತೀ ಸಲ ಊದಿ ಊದಿ ತಗೀತಿದ್ನಿ."

"ಇದರಿಂದನಽ ಕೆಡತಿತ್ತೇನು?"

ಸುಭಾಸ ಸ್ಕ್ರೂಡ್ರೈವರನ್ನು ಅತ್ತ ಇಟ್ಟ, ಇತ್ತ ಇಟ್ಟ. ಹೌದು ಎನ್ನುವಂತೆ ತಲೆ ಆಡಿಸಿದ.

"ಮತ್ತ ಹೇಳಲಿಲ್ಲಲ್ಲೋ ನೀ!"

"ಹೆಂಗ ಹೇಳ್ಲಿ ಅಕ್ಕಾರ? ತಾಯಿ ಭಂಡಾರ ಹಚ್ಚಬ್ಯಾಡ್ರಿ ಅಂತ ಯಾವ ಬಾಯ್ಲೆ ಹೇಳ್ಲಿ? ನಂದೂ ಅದಽ ಗುಡ್ಡ, ಅದಽ ತಾಯಿ. ಹೇಳಿದ ಮ್ಯಾಲ ಏನಾರ ಆಗಿದ್ರ? ಅದಕ್ಕಽ ಧೂಳ ಅಂದ್ನಿ. ತಿಳಕೋತೀರಿ ಅಂತ ಮಾಡಿದ್ನಿ."

ಗುಡ್ಡದ ದಾರಿಯಲ್ಲಿ ಇಡೀ ಜಾತ್ರೆಯ ಜನರನ್ನು ಬಾಯಲ್ಲೇ ಆಡಿಸಿದವಳು ಅಂಗಡಿಯ ಸ್ಟೂಲಿನ ಮೇಲೆ ಕುಸಿದು ಕುಳಿತಳು. ಇಷ್ಟೇ ಹೇಳಿದಳು.

"ಅವರಿಗೆ ಬಾಯಿ ಇದ್ದಿದ್ದಿಲ್ಲ. ನಿನಗ ಇತ್ತಲ್ಲೋ ತಮ್ಮಾ."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತಾಗ, ಯಾರೋ ಕಂಡಕ್ಟರನಿಗೆ ಟಿಕೀಟಿಗಾಗಿ ಕೈ ಚಾಚಿದರು. ಪದ್ಮವ್ವ ಆ ಚಾಚಿದ ಕೈಯನ್ನೇ ನೋಡಿದಳು. ಎಡಗೈ. ಪ್ರತಿ ಸಲ ಗುರುನಾಥ ಚಾಚುತ್ತಿದ್ದ ಆ ಎಡಗೈ. ಹಣೆಗೆ ಬೇಕೆಂದು ಅಲ್ಲ. ತನ್ನ ಕೈ ಹಿಡಿದು ನಿಲ್ಲಿಸಲೆಂದು. ಅದಕ್ಕೆ ಮೂಗು ಇದೆ, ಸೀನುತ್ತದೆ ಎಂದು ಗಟ್ಟಿ ಇದ್ದಾಗಲೇ ಹೇಳಿದವನು, ಬಾಯಿ ಹೋದ ಮೇಲೆ ಕೈಯಿಂದ ಹೇಳುತ್ತಲೇ ಇದ್ದ. ತನ್ನ ದನಿಯ ಮೇಲೆ ಹೆಂಡತಿ ಬೊಗಸೆ ಬೊಗಸೆ ಮಣ್ಣು ಎಳೆಯುವುದನ್ನು ಹುಣ್ಣಿಮೆ ಹುಣ್ಣಿಮೆಗೂ ಕುಳಿತು ನೋಡಿದ. ಅವಳು ಅವನ ಹಣೆಗೆ ಭಂಡಾರ ಬಳಿದು ಆ ಮಾತನ್ನೂ ಮುಚ್ಚಿಬಿಟ್ಟಳು. ಪದ್ಮವ್ವ ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಹುಣ್ಣಿಮೆ ಹತ್ತಿರವಿತ್ತು, ಬಸ್ಸಿನ ತುಂಬ ಗುಡ್ಡಕ್ಕೆ ಹೊರಟ ಹೆಂಗಸರು. ದೇವಿ ಮೈಮೇಲೆ ಬಂದಿರಬೇಕೆಂದು ಅವರಲ್ಲಿ ಒಬ್ಬಳು ಕೈ ಮುಗಿದಳು.

ಮನೆಯಲ್ಲಿ ಗುರುನಾಥ ಬಾಗಿಲನ್ನೇ ನೋಡುತ್ತ ಕುಳಿತಿದ್ದ. ಅವಳ ಬರಿಗೈ ನೋಡಿದ. ಅವಳು ಅವನ ಕಾಲ ಬುಡದಲ್ಲಿ ಕುಳಿತು ಎರಡೂ ಅಂಗೈ ಬಿಡಿಸಿ ತೋರಿಸಿದಳು.

"ನಾನಽ ರೀ. ಇದಽ ಕೈಲೆ ನಾನಽ ಕೊಂದ್ನಿ."

ಅವನು ಆ ಹಳದಿ ಅಂಗೈಗಳನ್ನು ನೋಡಿದ. ಬೆರಗಾಗಲಿಲ್ಲ, ಸಿಟ್ಟಾಗಲಿಲ್ಲ. ಬಹಳ ಹಿಂದೆಯೇ ತಿಳಿದಿದ್ದ ಸುದ್ದಿಯನ್ನು ಯಾರೋ ತಡವಾಗಿ ತಂದು ಹೇಳಿದಂತೆ ಸುಮ್ಮನೆ ಕೇಳಿಸಿಕೊಂಡ. ಅವಳಿಗೆ ಅದನ್ನು ತಡೆಯಲಾಗಲಿಲ್ಲ. ಇವನು ನನ್ನನ್ನು ಹೊಡೆಯಬಾರದಿತ್ತೇ ಎನಿಸಿತು.

ಅವಳು ಹಾಡಲೂ ನೋಡಿದಳು. ಸಂಜೆಗೆ ಕುರ್ಚಿಯ ಪಕ್ಕ ಕುಳಿತು, "ನೆರಳು ಹಿಂದ ಬಂತೋ" ಎಂದು ತೆಗೆದಳು. ಅವಳದು ಅಂಗಡಿಯ ಗಂಟಲು, ರಾಗಕ್ಕೆ ಸಿಗದು. ಇಷ್ಟು ವರ್ಷ ಕಿವಿಗೆ ಬಿದ್ದ ಪದದ ಎರಡನೆಯ ನುಡಿಯೇ ಅವಳಿಗೆ ನೆನಪಿಗೆ ಬರಲಿಲ್ಲ. ಗುರುನಾಥ ಬಾಯಿ ತೆರೆದು ಕಾದ. ನುಡಿ ಬಾರದ್ದರಿಂದ ಮುಚ್ಚಿಕೊಂಡ. ಆ ವಾರ ಕಳೆಯುವುದರೊಳಗೆ 'ಬಂತೋ' ಕೂಡ ಹೋಯಿತು.

ಹುಣ್ಣಿಮೆ ಬಂತು. ಹಬ್ಬ ಬಿಡಲು ಬರುವುದಿಲ್ಲ, ಅಂಗಡಿ ಬಿಡಲು ಬರುವುದಿಲ್ಲ. ಪದ್ಮವ್ವ ವ್ಯಾಪಾರ ಮುಗಿಸಿ ಬಂದು ದೇವರಿಗೆ ದೀಪ ಹಚ್ಚಿದಳು, ಕಾಯಿ ಒಡೆದಳು, ಭಂಡಾರದ ಬಟ್ಟಲು ಎತ್ತಿಕೊಂಡಳು. ಅಭ್ಯಾಸದ ಕಾಲುಗಳು ಮುಂದಿನ ಕೋಣೆಗೆ ನಡೆದವು. ಮೇಜಿನ ಮೇಲೆ ಏನೂ ಇರಲಿಲ್ಲ. ಕುರ್ಚಿಯಲ್ಲಿ ಕುಳಿತಿದ್ದ ಗುರುನಾಥ ಅವಳನ್ನು ಕಂಡು ಎಡಗೈ ಚಾಚಿದ.

ಅವಳು ನಿಂತಲ್ಲೇ ನಿಂತಳು.

"ಏನ್ರಿ? ಹಚ್ಲೇನು? ಬ್ಯಾಡೇನು?"

ಗಂಟಲಲ್ಲಿ ಅದೇ ಊಳು ಎದ್ದಿತು. ಕಣ್ಣಲ್ಲಿ ಅದೇ ನೀರು. ಈಗ ಕಾಯಬೇಕಾದ ಪೆಟ್ಟಿಗೆ ಇಲ್ಲ, ತಡೆಯಬೇಕಾದ ಕೈಯೂ ಇಲ್ಲ. ನಿಜವಾಗಿಯೂ ಹಣೆಗೆ ಬೇಕೋ, ಇನ್ನೆಂದೂ ಹತ್ತಿರ ತರಬೇಡ ಎಂದೋ, ಅಥವಾ ಬರೀ ಬಾ, ಕೂತುಕೋ ಎಂದೋ? ಅವನ ಪರವಾಗಿ ಎಲ್ಲದಕ್ಕೂ ತಾನೇ ಉತ್ತರ ಕೊಟ್ಟುಕೊಂಡು ಬಂದವಳಿಗೆ ಈಗ ಒಂದೇ ಒಂದು ಉತ್ತರ ಕೊಡಲು ಧೈರ್ಯ ಬರಲಿಲ್ಲ. "ಹೇಳ್ರೀ" ಎಂದಳು. "ಒಂದ್ ಸಲ ಹೇಳ್ರೀ."

ಕೈ ಗಾಳಿಯಲ್ಲಿ ಸ್ವಲ್ಪ ಹೊತ್ತು ಚಾಚಿಯೇ ಇತ್ತು. ಆಮೇಲೆ ಸೋತು ತೊಡೆಯ ಮೇಲೆ ಬಂದು ಬಿತ್ತು. ಪದ್ಮವ್ವ ಬಟ್ಟಲನ್ನು ನೆಲಕ್ಕಿಟ್ಟು ಅವನೆದುರು ಕುಳಿತಳು. ಆ ಕೈ ಏನು ಕೇಳಿತ್ತೆಂದು ಅವಳಿಗೆ ಇವತ್ತಿಗೂ ಗೊತ್ತಾಗಿಲ್ಲ.